ಗಂಗೆ ಪೂಜೆ ಕಂಡ ಕರಿಯ ಟ್ಯಾಂಕು

ನಾನು ಒಂದು ನೀರಿನ ಟ್ಯಾಂಕು. ಕಪ್ಪು ಬಣ್ಣ, ದುಂಡನೆಯ ಹೊಟ್ಟೆ, ನೆತ್ತಿಯ ಮೇಲೆ ತಿರುಗಿಸಿ ಮುಚ್ಚುವ ಮುಚ್ಚಳ, ಬುಡದಲ್ಲಿ ಎರಡು ನಲ್ಲಿ. ನನ್ನಂಥವನ್ನು ನೀವು ಮನೆಗಳ ತಾರಸಿಯ ಮೇಲೆ ನೋಡಿರುತ್ತೀರಿ. ನೋಡಿಯೂ ಗಮನಿಸಿರುವುದಿಲ್ಲ, ನೀರು ನಿಂತ ದಿನ ಮಾತ್ರ ತಲೆಯೆತ್ತಿರುತ್ತೀರಿ. ನನ್ನ ಬದುಕನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ನಾನು ಕಂಡದ್ದೆಲ್ಲ ಬುಡದಿಂದ ಕಂಡದ್ದು: ಕೊಡ ಹಿಡಿದ ಕೈಗಳು, ಕೆಸರಾದ ಪಾದಗಳು, ನಲ್ಲಿಗೆ ಬಾಯಿಟ್ಟ ಮಕ್ಕಳ ನೆತ್ತಿ. ಎಲ್ಲಾದರೂ ತಪ್ಪಾಗಿ ಹೇಳಿದರೆ ಅದು ತಿಳಿಯದೆ ಆದದ್ದೆಂದುಕೊಳ್ಳಿ.

ನಾನು ಹುಟ್ಟಿದ್ದು ಊರಾಚೆಯ ಒಂದು ಕಾರ್ಖಾನೆಯಲ್ಲಿ. ಕಪ್ಪು ಪುಡಿಯನ್ನು ಕಬ್ಬಿಣದ ಅಚ್ಚಿನೊಳಗೆ ಸುರಿದು, ಬೆಂಕಿಯ ಮೇಲೆ ಆ ಅಚ್ಚನ್ನು ಗರಗರ ತಿರುಗಿಸಿದರು. ಪುಡಿ ಕರಗಿ ಅಚ್ಚಿನ ಒಳಮೈಗೆ ಅಂಟಿಕೊಂಡಿತು. ತಣ್ಣಗಾದ ಮೇಲೆ ಅಚ್ಚು ಬಿಚ್ಚಿ ನನ್ನನ್ನು ಹೊರಗೆ ಉರುಳಿಸಿದರು. ಒಬ್ಬ ಕೆಲಸಗಾರ ಬೆರಳ ಗೆಣ್ಣಿನಿಂದ ನನ್ನ ಹೊಟ್ಟೆಯನ್ನು ಬಡಿದು, ಕಿವಿಗೊಟ್ಟು ಕೇಳಿ, "ಹೂಂ, ಹೋಗಲಿ" ಎಂದ. ಆ ಮಾತು ಹೊಗಳಿಕೆಯೋ ಬೇಸರವೋ ಎಂದು ನಾನು ಬಹಳ ದಿನ ಯೋಚಿಸಿದ್ದೆ.

ನನ್ನ ಜೊತೆಯವು ಮನೆಗಳಿಗೆ, ಆಸ್ಪತ್ರೆಗಳಿಗೆ, ಮದುವೆ ಛತ್ರಗಳಿಗೆ ಹೋದವು. ನನ್ನನ್ನು ಒಂದು ಪರಿಹಾರ ಸಂಸ್ಥೆಯವರು ಕೊಂಡು ತಮ್ಮ ಗೋದಾಮಿನಲ್ಲಿಟ್ಟರು. ಅಲ್ಲಿ ಮಡಿಸಿದ ಟಾರ್ಪಾಲುಗಳಿದ್ದವು, ಒಂದರೊಳಗೊಂದು ಸೇರಿಸಿದ ಬಕೆಟ್ಟುಗಳಿದ್ದವು, ಸೋಪಿನ ಪೆಟ್ಟಿಗೆಗಳು, ಮೂಗಿಗೆ ಅಡರುವ ಬ್ಲೀಚಿಂಗ್ ಪೌಡರಿನ ಚೀಲಗಳಿದ್ದವು. ಎಲ್ಲವೂ ಕಾಯುತ್ತಿದ್ದವು. ಸ್ವಲ್ಪ ದಿನದಲ್ಲೇ ನನಗೆ ಅರ್ಥವಾಯಿತು: ನಮಗೆ ಕೆಲಸ ಸಿಗಬೇಕಾದರೆ ಎಲ್ಲೋ ಯಾರಿಗೋ ಕೆಡುಕಾಗಬೇಕು. ಹಾಗೆ ತಿಳಿದ ಮೇಲೆ ಕಾಯುವುದೂ ಕಷ್ಟವಾಯಿತು. ಖಾಲಿ ಇರಲು ಬೇಸರ. ತುಂಬಲಿ ಎಂದು ಬಯಸಲು ಭಯ.

ಮೊದಲ ಕೆಲಸ ಬಂದದ್ದು ಒಂದು ಗುಡ್ಡ ಕುಸಿದ ಊರಿನಲ್ಲಿ. ಅಲ್ಲಿನ ಶಿಬಿರದಲ್ಲಿ ತಗಡಿನ ಶೌಚಾಲಯಗಳ ಸಾಲು ಮಾಡಿದ್ದರು. ನನ್ನನ್ನು ಅದರ ಪಕ್ಕ ನಿಲ್ಲಿಸಿ, ಹೊಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ "ಶೌಚಾಲಯಕ್ಕೆ ಮಾತ್ರ" ಎಂದು ದೊಡ್ಡದಾಗಿ ಬರೆದರು. ನಾನು ಆ ಕೆಲಸವನ್ನು ಮನಸ್ಸಿಟ್ಟು ಮಾಡಿದೆ. ಜನ ನನ್ನ ನೀರಿನಲ್ಲಿ ಕೈ ತೊಳೆದರು, ಕಾಲು ತೊಳೆದರು, ಯಾರೂ ಕಾಣದಿರಲಿ ಎಂದು ಮುಖ ತೊಳೆದುಕೊಳ್ಳುವ ನೆಪದಲ್ಲಿ ಅತ್ತರು. ಆ ಕೆಲಸದಲ್ಲಿ ಕೀಳಾದದ್ದೇನೂ ನನಗೆ ಕಾಣಲಿಲ್ಲ. ಕಾಣಬೇಕಿತ್ತೇನೋ.

ಆಮೇಲಿನ ಮಳೆಗಾಲದಲ್ಲಿ ಉತ್ತರದ ಕಡೆ ಹೊಳೆ ಉಕ್ಕಿತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದ ಮಧ್ಯಾಹ್ನವೇ ಹೊಳೆದಂಡೆಯ ಹಳ್ಳಿ ಮುಳುಗಿ, ಜನ ದಿಬ್ಬದ ಮೇಲಿನ ಶಾಲೆಗೆ ಬಂದು ಸೇರಿದರು. ಗೋದಾಮಿನಲ್ಲಿದ್ದ ಹೊಸ ಟ್ಯಾಂಕುಗಳೆಲ್ಲ ಅದಾಗಲೇ ಬೇರೆ ಕಡೆ ಹೋಗಿದ್ದವು. ಉಳಿದದ್ದು ನಾನು. ಬ್ಲೇಡಿನಿಂದ ನನ್ನ ಮೇಲಿನ ಬರಹ ಕೆರೆದರು. ಒಳಗೆ ಬ್ರಷ್ಷಿನಿಂದ ಉಜ್ಜಿದರು. ಗಾಢ ಔಷಧದ ನೀರು ತುಂಬಿ, ಇಡೀ ದಿನ ಹಾಗೇ ಬಿಟ್ಟು, ಚೆಲ್ಲಿ, ಮತ್ತೆ ತೊಳೆದರು. ಇದನ್ನೆಲ್ಲ ನಿಂತು ಮಾಡಿಸಿದವಳು ಜಯಶೀಲಾ ಎಂಬ ಹೆಣ್ಣುಮಗಳು. ತುಮಕೂರು ಕಡೆಯವಳು. ಶಿಬಿರಗಳ ನೀರು ಮತ್ತು ಚೊಕ್ಕಟದ ಜವಾಬ್ದಾರಿ ಅವಳದು. ಮುಚ್ಚಳ ತೆಗೆದು ತಲೆ ಒಳಗೆ ಹಾಕಿ ಮೂಸಿ ನೋಡಿದಳು. ಮುಚ್ಚಳ ಹಾಕಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಮತ್ತೆ ಮೂಸಿದಳು. ಅವಳು ನನಗೆ ಆಗಲೇ ಹಿಡಿಸಿದ್ದಳು.

ಶಾಲೆಯ ಅಂಗಳದಲ್ಲಿ ಕಲ್ಲಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿದರು. ಟ್ಯಾಂಕರ್ ಡ್ರೈವರ್ ಲಾಲಸಾಬ ಪೈಪು ಏರಿಸಿ, "ಗಂಗವ್ವ ಬಂದಾಳ, ಕೊಡ ತರ್ರಿ!" ಎಂದು ಕೂಗಿದ. ಹೆಂಗಸರು ಕೊಡ ಹಿಡಿದು ಬಂದರು. ಆದರೆ ತಣ್ಣೀರು ತುಂಬಿದ್ದರಿಂದ ನನ್ನ ಮೈ ಬೆವರಿತು. ಬೆವರಿದ ಮೈಮೇಲೆ, ಕೆರೆದು ತೆಗೆದ ಅಕ್ಷರಗಳು ಮಸುಕಾಗಿ ಎದ್ದು ಕಂಡವು.

ಸಾವಕ್ಕ ಎಂಬ ಸೊಸೆ ಮೊದಲು ಓದಿದಳು. ಸೊಂಟದಲ್ಲಿ ಅವಳ ಪುಟ್ಟ ಮಗಳು ಭೂಮಿಕಾ ಇದ್ದಳು. ಓದಿದವಳೇ ಕೊಡವನ್ನು ಹಿಂದಕ್ಕೆಳೆದುಕೊಂಡಳು.

"ಅತ್ತಿ, ಇದು ಸಂಡಾಸದ ಟಾಕಿ ಐತಿ."

ಅವಳ ಅತ್ತೆ ಬಾಳವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಅವಳಿಗೆ ಓದು ಬರದು. ಆದರೆ ಆ ಊರಿನ ಹೆಂಗಸರೆಲ್ಲ ಅವಳ ಬಾಯಿ ನೋಡುತ್ತಾರೆಂಬುದು ಆಗಲೇ ತಿಳಿಯಿತು. ಸಾಲು ಅಲ್ಲಿಗೇ ನಿಂತಿತು.

"ಅಕ್ಕೋರ, ಮನಿ ಹೋತು, ಹಾಸಗಿ ಹೋತು, ಎಮ್ಮಿ ಹೋತು," ಎಂದಳು ಬಾಳವ್ವ ಜಯಶೀಲಾಳಿಗೆ. "ಬಾಯಿಗೆ ಬೀಳೂ ನೀರರ ಚಲೋ ಇರಲಿ ಅಂದ್ರ, ಇದನ್ನ ತಂದಿಟ್ರಿ?"

"ಅಮ್ಮಾ, ಬ್ರಷ್ ಹಾಕಿ ಉಜ್ಜಿ, ಔಷಧ ತುಂಬ್ಸಿಟ್ಟು ತೊಳ್ದಿದೀವಿ. ಈ ನೀರಿಗೆ ಏನೂ ಆಗಿಲ್ಲ. ನೋಡಿ," ಎಂದು ಜಯಶೀಲಾ ಒಂದು ಗಾಜಿನ ಕೊಳವೆಗೆ ನನ್ನ ನೀರು ಹಿಡಿದು, ಅದರಲ್ಲಿ ಒಂದು ಮಾತ್ರೆ ಹಾಕಿ ಅಲ್ಲಾಡಿಸಿದಳು. ನೀರು ತಿಳಿಗುಲಾಬಿ ಬಣ್ಣಕ್ಕೆ ತಿರುಗಿತು. "ಈ ಬಣ್ಣ ಬಂದ್ರೆ ನೀರಲ್ಲಿ ಕ್ಲೋರಿನ್ ಇದೆ ಅಂತ ಅರ್ಥ. ಅದಿರೋವರ್ಗೂ ಯಾವ ರೋಗದ ಹುಳನೂ ಬದುಕಲ್ಲ."

"ಬಣ್ಣ ಚಂದ ಐತಿ. ನೀವ ಕುಡೀರಿ," ಎಂದಳು ಹಿಂದಿನಿಂದ ಒಬ್ಬಳು. ಎಲ್ಲರೂ ನಕ್ಕರು.

ಜಯಶೀಲಾ ನಿಜವಾಗಿಯೂ ನಲ್ಲಿಗೆ ಬೊಗಸೆಯೊಡ್ಡಿ ಕುಡಿದಳು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. "ಅವರ ಸಂಬಳಕ್ಕ ಅವರು ಕುಡೀತಾರ," ಎಂದಿತು ಇನ್ನೊಂದು ಧ್ವನಿ. ಹೆಂಗಸರು ಶಾಲೆಯ ಹಿಂದೆ, ದಿಬ್ಬದ ಬುಡದಲ್ಲಿದ್ದ ಹಳೇ ಬಾವಿಗೆ ಹೋದರು. ಆ ಬಾವಿಗೆ ಹೊಳೆಯ ನೀರು ನುಗ್ಗಿತ್ತು, ಸತ್ತ ಕೋಳಿ ತೇಲಿತ್ತು ಎಂದು ಲಾಲಸಾಬ ಹೇಳಿದ. ಆದರೂ ಅದು ಬಾವಿ. ಅದರ ಮೇಲೆ ಏನೂ ಬರೆದಿರಲಿಲ್ಲ.

ನಾನು ತುಂಬಿಕೊಂಡು ಸುಮ್ಮನೆ ಕುಳಿತೆ. ಬೇರೆ ಟ್ಯಾಂಕು ಕಳುಹಿಸಿ ಎಂದು ಜಯಶೀಲಾ ಫೋನಿನಲ್ಲಿ ಬೇಡುವುದು ಕೇಳುತ್ತಿತ್ತು. ಎಲ್ಲಿಯೂ ಇರಲಿಲ್ಲ. ಬಾವಿಯ ನೀರು ಕುಡಿದರೆ ವಾಂತಿಭೇದಿ ಏಳುತ್ತದೆ, ಎದ್ದರೆ ಇಷ್ಟು ಜನ ಒತ್ತಿಕೊಂಡು ಮಲಗುವ ಶಾಲೆಯಲ್ಲಿ ಮೊದಲು ಹೋಗುವುದು ಮಕ್ಕಳು. ಇದು ಅವಳಿಗೆ ಗೊತ್ತಿತ್ತು. ಅವಳ ಕೆಲಸವೆಂದರೆ ಅದೊಂದೇ: ಈ ಮಕ್ಕಳು ನೀರಿನಿಂದ ಸಾಯಬಾರದು.

ದಾರಿ ತೋರಿಸಿದವಳು ಬಾಳವ್ವನೇ. ಸಂಜೆ ನನ್ನ ಕಟ್ಟೆಯ ಬಳಿ ಬಂದು, ಕಾಲು ಚಾಚಿ ಕುಳಿತಳು.

"ಅಕ್ಕೋರ, ನಮ್ಮ ಊರಾಗ ಹೊಸಾ ಬಾವಿ ತೋಡಿದ್ರ ಗಂಗಿ ಪೂಜಿ ಮಾಡೂತನಾ ಹನಿ ನೀರ ಮುಟ್ಟೂದಿಲ್ಲ. ಬೋರ್ ಹೊಡಿಸಿದ್ರೂ ಅಷ್ಟ. ಪೂಜಿ ಆದ ಮ್ಯಾಲ ಆಕಿ ತಾಯಿ. ತಾಯಿಗೆ ಯಾವ ಮೈಲಿಗಿ? ನಮಗ ಮಾಡಾಕ ಬಿಡ್ರಿ. ನಾ ಹೇಳ್ತೀನಿ ಎಲ್ಲಾರಿಗೂ. ಕುಡೀತಾರ."

ಜಯಶೀಲಾಳ ಮುಖ ಅರಳಿದ್ದು ಅವಳ ದನಿಯಲ್ಲೇ ತಿಳಿಯಿತು. "ಮಾಡಿ ಅಮ್ಮಾ. ಖಂಡಿತ ಮಾಡಿ."

ಮರುದಿನ ಬೆಳಿಗ್ಗೆ ನನಗೆ ಪೂಜೆಯಾಯಿತು. ಉಡಿ ತುಂಬಲು ಖಣದ ಬಟ್ಟೆಯಿರಲಿಲ್ಲ. ಪರಿಹಾರದಲ್ಲಿ ಬಂದ ಹಸಿರು ಟವೆಲ್ಲನ್ನೇ ನನ್ನ ಸೊಂಟಕ್ಕೆ ಸುತ್ತಿದರು. ಅರಿಶಿನ ಕುಂಕುಮ ಹಚ್ಚಿದರು. ಶಾಲೆಯ ತೋಟದ ಚೆಂಡುಹೂವು ತಂದರು.

"ಟಾಕಿಗೆ ಲಗ್ನ ಏನ್ ಯಕ್ಕಾ? ಊಟಕ್ಕ ಹೇಳಲೇ ಇಲ್ಲ," ಎಂದ ಲಾಲಸಾಬ.

"ನೀ ಪೈಪ್ ಹಿಡಿಯಪಾ. ಬೀಗರ ಗತಿ ಕೈಕಟ್ಟಿ ನಿಂತಿ," ಎಂದಳು ಬಾಳವ್ವ. ನೆರೆ ಬಂದ ಮೇಲೆ ಅಲ್ಲಿ ಅಷ್ಟು ಜೋರಾಗಿ ನಗು ಕೇಳಿದ್ದು ಅದೇ ಮೊದಲು.

ಆಮೇಲೆ, ಜಯಶೀಲಾ ನೋಡುತ್ತಿದ್ದಂತೆಯೇ, ಬಾಳವ್ವ ಕುರ್ಚಿಯ ಮೇಲೆ ಹತ್ತಿ, ನನ್ನ ಮುಚ್ಚಳ ತೆಗೆದು, ಒಂದು ಹಿಡಿ ಹೂವು, ಒಂದು ಚಿಟಿಕೆ ಅರಿಶಿನ, ಒಂದು ಗಿಂಡಿ ಹಾಲು ಒಳಗೆ ಬಿಟ್ಟಳು. ಹಾಲು ನೀರಿನಲ್ಲಿ ಬಿಳಿ ಹೊಗೆಯಂತೆ ಇಳಿಯಿತು. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ಬಹಳ ಹಿತವಾಯಿತು. ಅಷ್ಟು ಮರ್ಯಾದೆಗೆ ನಾನು ತಕ್ಕವನೋ ಎಂಬ ಅಳುಕೂ ಆಯಿತು. ಮೊದಲ ಲೋಟ ನೀರನ್ನು ಬಾಳವ್ವ ಮೊಮ್ಮಗಳು ಭೂಮಿಕಾಳಿಗೇ ಕುಡಿಸಿದಳು. ಆ ಹೊತ್ತಿನಿಂದ ಬಾವಿಯ ಕಡೆ ಯಾರೂ ಹೋಗಲಿಲ್ಲ.

ಪೂಜೆ ಅಂದಿಗೆ ಮುಗಿಯಿತೆಂದು ಜಯಶೀಲಾ ತಿಳಿದಳು. ಅವಳು ನಸುಕಿನ ಕತ್ತಲಲ್ಲೇ ಬಂದು, ಟ್ಯಾಂಕರಿನಿಂದ ನೀರು ತುಂಬಿಸಿ, ಔಷಧ ಬೆರೆಸಿ, ಮಾತ್ರೆ ಹಾಕಿ ಬಣ್ಣ ನೋಡಿ, ಬೇರೆ ಶಿಬಿರಗಳಿಗೆ ಓಡುತ್ತಿದ್ದಳು. ಅವಳ ಜೀಪು ಮರೆಯಾದ ಮೇಲೆ ಬಾಳವ್ವ ಸ್ನಾನ ಮಾಡಿ ಬರುತ್ತಿದ್ದಳು. ನಿತ್ಯದ ಪೂಜೆ ತಪ್ಪಿಸಬಾರದೆಂಬುದು ಅವಳ ಎಣಿಕೆ. ನಿತ್ಯವೂ ಹೂವು, ನಿತ್ಯವೂ ಹಾಲು. ಬೇರೆ ಹೆಂಗಸರೂ ತಂದರು. ತಮ್ಮ ಮಕ್ಕಳಿಗೆ ಬಂದ ಹಾಲಿನಲ್ಲೇ ಒಂದಿಷ್ಟು ಉಳಿಸಿ ತಂದರು. ಯಾರೂ ಕದ್ದುಮುಚ್ಚಿ ಮಾಡಲಿಲ್ಲ. ಅದನ್ನು ಜಯಶೀಲಾಳಿಗೆ ಹೇಳಬೇಕೆಂದೂ ಯಾರಿಗೂ ಅನಿಸಲಿಲ್ಲ. ನೀರಿಗಿಟ್ಟ ಔಷಧ ಆ ಹಾಲಿನ ಮೇಲೆ, ಹೂವಿನ ಮೇಲೆ ಖರ್ಚಾಗಿ ಹೋಗುತ್ತಿತ್ತು. ಹುಳಗಳನ್ನು ಕೊಲ್ಲಲು ಏನೂ ಉಳಿಯುತ್ತಿರಲಿಲ್ಲ. ನನ್ನೊಳಗೇ ನಡೆದ ಈ ಸಂಗತಿ ನನಗೂ ಆಮೇಲೆಯೇ ತಿಳಿದದ್ದು.

ಮೊದಲು ಒಬ್ಬ ಮುದುಕನಿಗೆ ಭೇದಿಯಾಯಿತು. ಆಮೇಲೆ ಎರಡು ಮಕ್ಕಳಿಗೆ. ಆಮೇಲೆ ಭೂಮಿಕಾಳಿಗೆ.

ಮಗುವನ್ನು ಸಾವಕ್ಕ ನನ್ನ ಎದುರಿನಿಂದಲೇ ಎತ್ತಿಕೊಂಡು ಓಡಿದಳು. ಅದರ ಕಾಲುಗಳು ಹಸಿ ಬಟ್ಟೆಯ ಹಾಗೆ ಜೋತಾಡುತ್ತಿದ್ದವು. ಶಿಬಿರದ ನರ್ಸ್ ಅದರ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟು ನೋಡಿ, "ದೊಡ್ಡಾಸ್ಪತ್ರೆಗೆ, ಈಗಲೇ. ಸಲೈನ್ ಹಾಕಬೇಕು" ಎಂದರು. ಆಂಬುಲೆನ್ಸು ಹೋದ ಮೇಲೆ ಜನರ ಕಣ್ಣೆಲ್ಲ ನನ್ನ ಮೇಲೆ ಬಿತ್ತು.

"ಸಂಡಾಸದ ಟಾಕಿ ಸಂಡಾಸದ ಬುದ್ಧಿ ಬಿಡಲಿಲ್ಲ ನೋಡು," ಎಂದು ಒಬ್ಬ ನನಗೆ ಒದ್ದ. ನಾನು ಹೌದೇನೋ ಎಂದುಕೊಂಡೆ. ಉಜ್ಜಿದ್ದು ಸಾಲದಾಯಿತೇನೋ. ನನ್ನ ಗೋಡೆಯಲ್ಲೇ ಏನೋ ಉಳಿದಿತ್ತೇನೋ.

ಜಯಶೀಲಾ ಮಧ್ಯಾಹ್ನ ಓಡಿ ಬಂದಳು. ಕೊಳವೆಗೆ ನೀರು ಹಿಡಿದು ಮಾತ್ರೆ ಹಾಕಿದಳು. ಬಣ್ಣ ಬರಲಿಲ್ಲ. ಮಾತ್ರೆ ಹಳೆಯದೆಂದುಕೊಂಡು ಹೊಸ ಪಟ್ಟಿ ಒಡೆದಳು. ಬಣ್ಣ ಬರಲಿಲ್ಲ. ಕುರ್ಚಿ ಹತ್ತಿ ಮುಚ್ಚಳ ತೆಗೆದಳು. ಕೊಳೆತ ಹೂವಿನ ಎಸಳು ನನ್ನ ಬದಿಗಳಿಗೆ ಅಂಟಿದ್ದವು, ನೀರಿನ ಅಂಚಿನಲ್ಲಿ ಹಾಲಿನ ಜಿಡ್ಡಿನ ಉಂಗುರವಿತ್ತು. ಅವಳು ಅದನ್ನು ನೋಡುತ್ತ ಬಹಳ ಹೊತ್ತು ತಲೆ ಒಳಗೇ ಇಟ್ಟುಕೊಂಡಿದ್ದಳು. ಅವಳ ಉಸಿರು ನನ್ನೊಳಗೆ ಸದ್ದು ಮಾಡುತ್ತಿತ್ತು.

ಪೈಪು ಸುತ್ತುತ್ತಿದ್ದ ಲಾಲಸಾಬ ಹತ್ತಿರ ಬಂದು ಇಣುಕಿ ನೋಡಿದ. ಅವನಿಗೆ ಹೇಳಬೇಕಾಗಲಿಲ್ಲ.

"ಮೇಡಂ, ಟ್ಯಾಂಕರ್ ನೀರ ಕೆಟ್ಟಿತ್ತು ಅಂತ ಹೇಳಿಬಿಡ್ರಿ," ಎಂದ ಮೆಲ್ಲಗೆ. "ನನ್ ಮ್ಯಾಲ ಹಾಕ್ರಿ. ಬೈಸ್ಕೊಳ್ಳೂದು ನನಗ ರೂಢಿ ಐತಿ. ಆ ಮುದುಕಿಗೆ ಹೇಳಬ್ಯಾಡ್ರಿ. ಒಡದ ಹೋಗ್ತಾಳ."

"ಹಾಗೆ ಹೇಳಿದ್ರೆ ನಾಳೆ ಇನ್ನೂ ದೊಡ್ಡ ಪೂಜೆ ಮಾಡ್ತಾರೆ ಲಾಲಸಾಬ್," ಎಂದಳು ಜಯಶೀಲಾ. "ಇನ್ನೂ ಜಾಸ್ತಿ ಹಾಲು ಹಾಕ್ತಾರೆ."



ಬಾಳವ್ವ ಶಾಲೆಯ ಮೆಟ್ಟಿಲಿನಲ್ಲಿ ಕುಳಿತಿದ್ದಳು. ಆಂಬುಲೆನ್ಸಿನಲ್ಲಿ ಅವಳಿಗೆ ಜಾಗ ಸಿಕ್ಕಿರಲಿಲ್ಲ. ಜಯಶೀಲಾ ಅವಳನ್ನು ನನ್ನ ಕಟ್ಟೆಗೆ ಕರೆತಂದು ಪಕ್ಕದಲ್ಲಿ ಕುಳಿತಳು. ಏನು ಹೇಳಬೇಕೆಂದು ಮೊದಲೇ ಜೋಡಿಸಿಕೊಂಡಿದ್ದಳೆಂದು ಕಾಣುತ್ತದೆ. ಆದರೆ ಮಾತು ಹಾಗೆ ಬರಲಿಲ್ಲ.

"ಅಮ್ಮಾ, ಟ್ಯಾಂಕಿನ ತಪ್ಪಲ್ಲ. ಹಾಲು, ಹೂವು... ಅದು ನೀರಿನ ಔಷಧಾನ ತಿಂದ್ಬಿಡುತ್ತೆ. ಔಷಧ ಹೋದ್ರೆ ನೀರು ಬಾವಿ ನೀರಿನ ಥರಾನೇ. ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಒಳಗೆ ಹಾಕ್ಬೇಡಿ ಅಂತ ನಾನು ಅವತ್ತೇ ಹೇಳ್ಬೇಕಿತ್ತು. ನೀವು ಕುಡೀತೀರಲ್ಲ ಅಂತ ಖುಷೀಲಿ ಸುಮ್ಮನಾದೆ. ಆಮೇಲೂ ಬೆಳಗ್ಗೆ ಮಾತ್ರ ಪರೀಕ್ಷೆ ಮಾಡ್ದೆ."

ಬಾಳವ್ವ ನೆಲ ನೋಡುತ್ತಿದ್ದಳು.

"ನಾ ದಿನಾ ಹಾಕೀನಿ," ಎಂದಳು.

"ಗೊತ್ತಾಯ್ತು."

"ಮೊದಲನೇ ಲೋಟ ದಿನಾ ಆಕಿಗೇ ಕೊಟ್ಟೀನಿ."

ಜಯಶೀಲಾ ಅವಳ ಕೈ ಹಿಡಿಯಲು ಹೋದಳು. ಬಾಳವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಸಿಟ್ಟಿನಿಂದ ಎಳೆದುಕೊಂಡಂತೆ ಕಾಣಲಿಲ್ಲ. ಆ ಕೈಯನ್ನು ಯಾರೂ ಮುಟ್ಟಬಾರದು ಎಂಬಂತಿತ್ತು.

ನನ್ನನ್ನು ಪೂರ್ತಿ ಖಾಲಿ ಮಾಡಿದರು. ಬಾವಿಗೆ ಹಗ್ಗ ಹಿಡಿದು ಹೊರಟಿದ್ದ ಹೆಂಗಸರು ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಒಳಗಿಳಿದು ಉಜ್ಜಲು ಯಾರಾದರೂ ತೆಳ್ಳನೆಯವರು ಬೇಕಿತ್ತು. ಬಾಳವ್ವ ಎದ್ದಳು. ಸೀರೆಯ ಕಚ್ಚೆ ಹಾಕಿ, ಕೈಕಾಲು ಸೋಪಿನಿಂದ ತೊಳೆದು, ಆ ಹೆಂಗಸರ ಕಡೆ ತಿರುಗಿ ಜೋರಾಗಿ ಹೇಳಿದಳು:

"ಕೇಳ್ರಿ ಇಲ್ಲಿ. ಟಾಕಿ ಚಲೋ ಇತ್ತು. ನೀರೂ ಚಲೋ ಇತ್ತು. ನಾ ಹಾಲ ಹಾಕಿ ಕೆಡಿಸೀನಿ. ಅಕ್ಕೋರನ್ನ ಯಾರೂ ಅನಬ್ಯಾಡ್ರಿ, ಲಾಲಸಾಬನ್ನೂ ಅನಬ್ಯಾಡ್ರಿ. ಅನ್ನೂದಿದ್ರ ನನಗ ಅನ್ರಿ. ಆದ್ರ ಆ ಬಾವಿಗೆ ಹೋಗಬ್ಯಾಡ್ರಿ."

ಹೆಂಗಸರು ಹಗ್ಗ ಕೆಳಗಿಟ್ಟರು. ಹಾಲು ತಂದವರು ಅವರಲ್ಲೂ ಇದ್ದರು.

ನನ್ನ ಬಾಯಿ ಕಿರಿದು. ಅವಳ ಭುಜ ತರಚಿತು. ಒಳಗೆ ಕತ್ತಲೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಅವಳು ನನ್ನ ಗೋಡೆಯನ್ನು ಉಜ್ಜಿದಳು. ಒಂದೊಂದು ಎಸಳನ್ನೂ ಉಗುರಿನಿಂದ ಬಿಡಿಸಿದಳು. ಹೊರಗಿನವರಿಗೆ ಬ್ರಷ್ಷಿನ ಸದ್ದು ಮಾತ್ರ ಕೇಳಿತು. ನನಗೆ ಉಳಿದದ್ದೂ ಕೇಳಿತು.

"ನಾ ಒಳ್ಳೇದಕ್ಕ ಹಾಕಿದ್ನೆವಾ," ಎನ್ನುತ್ತಿದ್ದಳು. ನನಗೋ, ಗಂಗೆಗೋ, ಆಸ್ಪತ್ರೆಯಲ್ಲಿದ್ದ ಮಗುವಿಗೋ ತಿಳಿಯದು. ಮತ್ತೆ ಮತ್ತೆ ಅದನ್ನೇ ಹೇಳಿದಳು.  

ಮತ್ತೆ ನೀರು ತುಂಬಿದರು. ಜಯಶೀಲಾ ಈಗ ಬೆಳಿಗ್ಗೆಯೂ ಮಧ್ಯಾಹ್ನವೂ ಸಂಜೆಯೂ ಬಣ್ಣ ನೋಡಿದಳು. ಹೆಂಗಸರು ಬಂದರು, ಒಬ್ಬೊಬ್ಬರಾಗಿ, ಮಾತಿಲ್ಲದೆ. ಅಕ್ಷರ ಕಂಡರೂ ಯಾರೂ ಓದಲಿಲ್ಲ. ಭಕ್ತಿ ಬಿಡಲಾರದೆ ಯಾರಾದರೂ ಹೂವು ತಂದರೆ, ಬಾಳವ್ವ ಅದನ್ನು ಇಸಿದುಕೊಂಡು ಹೊರಗೆ ಕಟ್ಟೆಯ ಮೇಲೆ ಇಡುತ್ತಿದ್ದಳು. ತಾನು ಮಾತ್ರ ನನ್ನನ್ನು ಮುಟ್ಟುತ್ತಿರಲಿಲ್ಲ. ತನ್ನ ಕುಡಿಯುವ ನೀರನ್ನೂ ಬೇರೆಯವರಿಂದ ಹಿಡಿಸಿಕೊಳ್ಳುತ್ತಿದ್ದಳು.

ಆ ಮುದುಕ ಉಳಿಯಲಿಲ್ಲ. ಬಹಳ ವಯಸ್ಸಾಗಿತ್ತು ಎಂದರು. ಹಾಗೆ ಹೇಳಿದ್ದರಿಂದ ಜಯಶೀಲಾಳಿಗೆ ಸಮಾಧಾನವೇನೂ ಆಗಲಿಲ್ಲ.

ಆ ಎರಡು ಮಕ್ಕಳು ಉಳಿದವು. ಭೂಮಿಕಾಳೂ ಉಳಿದಳು. ಹೊಳೆ ಇಳಿಯಲು ಶುರುವಾದ ಮೇಲೆ ಒಂದು ಮಧ್ಯಾಹ್ನ ಸಾವಕ್ಕ ಅವಳನ್ನು ಎತ್ತಿಕೊಂಡು ಬಂದಳು. ಮಗುವಿನ ಕೆನ್ನೆ ಒಳಗೆ ಹೋಗಿತ್ತು, ಮುಂಗೈಯಲ್ಲಿ ಸೂಜಿ ಚುಚ್ಚಿದ ನೀಲಿ ಕಲೆಯಿತ್ತು. ಸಾವಕ್ಕನಿಗೆ ಆಸ್ಪತ್ರೆಯಲ್ಲೇ ಎಲ್ಲ ತಿಳಿದಿತ್ತು. ಅವಳು ಅತ್ತೆಯನ್ನು ದಾಟಿಕೊಂಡು ಹೋಗಿ ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿದಳು. ಬಾಳವ್ವ ಕಂಬದ ಬಳಿಯೇ ನಿಂತಳು. ಮೊಮ್ಮಗಳ ಹತ್ತಿರ ಹೋಗಬೇಕೋ ಬೇಡವೋ ಎಂದು ಅವಳ ಪಾದಗಳು ಮುಂದೆ ಹಿಂದೆ ಆಗುತ್ತಿದ್ದವು.

"ಆಯಿ, ನೀರ," ಎಂದಿತು ಮಗು. ಅಜ್ಜಿಯನ್ನು ಅದು ಕರೆಯುತ್ತಿದ್ದುದು ಹಾಗೆ.

ಬಾಳವ್ವ ಅಲುಗಲಿಲ್ಲ.

"ಆಯೀ, ನೀರ ಕೊಡ."

ಸಾವಕ್ಕ ತಾನೇ ಲೋಟ ತೆಗೆದುಕೊಂಡು ಎದ್ದಳು. ನನ್ನ ಕಡೆ ನಾಲ್ಕು ಹೆಜ್ಜೆ ಬಂದಳು, ನಿಂತಳು. ಅತ್ತೆಯ ಭುಜದ ಮೇಲೆ, ರವಿಕೆಯಂಚಿನಲ್ಲಿ, ಒಣಗಿದ ತರಚುಗಾಯವಿತ್ತು. ಅದನ್ನು ನೋಡಿದಳೋ, ಮಗುವಿನ ಹಟಕ್ಕೆ ಸೋತಳೋ, ನನಗೆ ತಿಳಿಯಲಿಲ್ಲ. ಲೋಟವನ್ನು ಅತ್ತೆಯ ಮುಂದೆ ಚಾಚಿದಳು.

"ಕೈ ತೊಳಕೊಂಡ ಹಿಡೀರಿ," ಎಂದಳು. ದನಿ ಇನ್ನೂ ಬಿರುಸಾಗಿಯೇ ಇತ್ತು. "ನಿಮ್ಮನ್ನ ಕೇಳಾಕತ್ತಾಳ, ನನ್ನ ಅಲ್ಲ."

ಬಾಳವ್ವ ಸೋಪಿನಿಂದ ಕೈ ತೊಳೆದಳು. ಬೆರಳ ಸಂದಿ, ಉಗುರ ಕೆಳಗೆ, ಮೊಣಕೈವರೆಗೆ. ಇನ್ನೊಮ್ಮೆ ತೊಳೆದಳು. ಆಮೇಲೆ ನಲ್ಲಿ ತಿರುಗಿಸಿದಳು. ಮೊದಲು ಹಿಡಿದ ನೀರಿನಿಂದ ಲೋಟ ತೊಳೆದು ಚೆಲ್ಲಿ, ಮತ್ತೆ ಹಿಡಿದಳು. ಅದನ್ನು ಮಗು ಗಟಗಟ ಕುಡಿದು, ಲೋಟ ಮೇಲೆತ್ತಿ ಇನ್ನೂ ಬೇಕೆಂದಿತು. ಅದು ಕುಡಿದು ಮುಗಿಸುವವರೆಗೆ ಬಾಳವ್ವ, ಸಾವಕ್ಕ, ದೂರದಲ್ಲಿ ಕೊಳವೆ ಹಿಡಿದು ನಿಂತ ಜಯಶೀಲಾ, ಮೂವರೂ ಅದರ ಗಂಟಲನ್ನೇ ನೋಡುತ್ತಿದ್ದರು.

ಶಿಬಿರ ಮುಗಿಯಿತು. ಜನ ಕೆಸರು ತುಂಬಿದ ಮನೆಗಳಿಗೆ ಹೋದರು. ನನ್ನನ್ನು ಲಾರಿಗೆ ಹೇರಿದಾಗ ಹಗ್ಗ ಜಾರಿ ಬಿದ್ದೆ. ಬುಡದಲ್ಲಿ ಬಿರುಕು ಬಿಟ್ಟಿತು. ಈಗ ಗೋದಾಮಿನ ಹಿತ್ತಲಿನಲ್ಲಿ ಅಡ್ಡಡ್ಡ ಬಿದ್ದಿದ್ದೇನೆ. ಬಿಸಿಲಿಗೆ ಮೈ ಬೂದಿಬಣ್ಣವಾಗಿದೆ. ಒಳಗೆ ಮುರಿದ ಪೊರಕೆಗಳನ್ನು ತುರುಕಿದ್ದಾರೆ. ದಣಿವು ಹೋಗಿಲ್ಲ. ಖಾಲಿಯಾದರೆ ದಣಿವು ಹೋಗುತ್ತದೆಂದು ತಿಳಿದಿದ್ದೆ.

ಮೊನ್ನೆ ಮತ್ತೆ ಲಾರಿ ಬಂತು. ಎಲ್ಲೋ ನೀರು ಏರಿದೆಯಂತೆ. ಹೊಸ ಟ್ಯಾಂಕುಗಳನ್ನು ಅವಸರದಿಂದ ಹೇರಿದರು. ಒಬ್ಬ ನನ್ನನ್ನೂ ಎತ್ತಲು ಬಂದು, ಬಿರುಕು ನೋಡಿ, "ಇದು ಹೋಗೈತಿ, ಬಿಡು" ಎಂದ. ನನಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ಆಮೇಲೆ ಸಂಕಟವಾಯಿತು.

ಆ ಹೊಸ ಟ್ಯಾಂಕುಗಳು ಇಷ್ಟು ಹೊತ್ತಿಗೆ ಯಾವುದೋ ಶಾಲೆಯ ಅಂಗಳದಲ್ಲಿ ಕುಳಿತಿರಬೇಕು. ಎಲ್ಲ ಕಳೆದುಕೊಂಡ ಒಬ್ಬಳು ಅಜ್ಜಿ, ಕೊಡಲು ತನ್ನಲ್ಲಿ ಉಳಿದಿರುವ ಒಂದು ಹಿಡಿ ಹೂವು ಹಿಡಿದು ಅವುಗಳ ಮುಂದೆ ನಿಂತಿರಬೇಕು. ಅವಳಿಗೆ ಯಾರಾದರೂ ಹೇಳಲಿ. ಮೆಲ್ಲಗೆ ಹೇಳಲಿ, ಆದರೆ ಅವಳು ಮುಚ್ಚಳ ತೆಗೆಯುವ ಮೊದಲೇ ಹೇಳಲಿ.